ಜೋಡಿ ಕಟ್ಟುವ ಮುನ್ನ ಅಣ್ಣ ಕೇಳಿದ ಮಾತು

ಮಸ್ಕಿಯ ಗರಡಿಗೆ ನನ್ನ ಅಣ್ಣನೇ ಉಸ್ತಾದ. ತನ್ನ ಶಿಷ್ಯರಲ್ಲಿ ಗಟ್ಟಿಗನನ್ನು ಆರಿಸಿ ನನ್ನನ್ನು ಮದುವೆ ಮಾಡಿಕೊಟ್ಟಿದ್ದ. ಯಾವ ಪೈಲ್ವಾನನ ಎದುರು ಯಾರನ್ನು ಬಿಡಬೇಕೆಂದು ಜೋಡಿ ಕಟ್ಟುವವನೂ ಅವನೇ. ಮದುವೆಗೆ ಗಂಡು ಹೆಣ್ಣು ಕೂಡಿಸುವಾಗಲೂ ಜನ ಅಷ್ಟು ನೋಡುವುದಿಲ್ಲ. ಎತ್ತರ, ಕುತ್ತಿಗೆ, ಉಸಿರು ಎಲ್ಲ ನೋಡಿ, ಕೊನೆಗೆ ಪೈಲ್ವಾನನ ಮನೆಗೆ ಹೋಗಿ ಹೆಂಗಸರನ್ನು ಕೇಳುತ್ತಿದ್ದ: ಸರಿಯಾಗಿ ಉಣ್ಣುತ್ತಾನಾ, ನಿದ್ದೆ ಮಾಡುತ್ತಾನಾ, ಎಲ್ಲಾದರೂ ನೋವು ಅಂದನಾ? ಪೈಲ್ವಾನ ನೋವು ಮುಚ್ಚಿಡುತ್ತಾನೆ, ಅಡುಗೆಮನೆ ಸುಳ್ಳು ಹೇಳುವುದಿಲ್ಲ ಎಂದು ಅವನ ನಂಬಿಕೆ.

ನಿಜಾಮರ ಕಾಲ. ಆ ವರ್ಷ ಲಿಂಗಸುಗೂರಿನಲ್ಲಿ ತಹಶೀಲ್ದಾರರ ಎದುರು, ಗೆದ್ದವನ ಕೈಗೆ ಬೆಳ್ಳಿ ಕಡಗ ತೊಡಿಸುವ ಕುಸ್ತಿ. ಸಿಂಧನೂರಿನ ಪೈಲ್ವಾನನ ಮೇಲೆ ನನ್ನ ಗಂಡನನ್ನು ಬಿಡುವ ಮಾತು ನಡೆದಿತ್ತು. ಅದೇ ಹೊತ್ತಿಗೆ ಜೋಳದ ಚೀಲವನ್ನು ಬಂಡಿಗೆ ಎತ್ತುವಾಗ ಅವರ ಬಲಭುಜ ಲಟಕ್ಕೆಂದಿತು. ಆಮೇಲೆ ತಲೆಗೆ ರುಮಾಲು ಸುತ್ತಿಕೊಳ್ಳಲೂ ಆಗಲಿಲ್ಲ, ನಾನೇ ಸುತ್ತುತ್ತಿದ್ದೆ. ಸುಗ್ಗಿ ಕೆಲಸವೆಂದು ನೆಪ ಹೇಳಿ ಗರಡಿಗೆ ಹೋಗುವುದು ಬಿಟ್ಟರು. ಎಂಟು ದಿನವಾದರೂ ನೋವು ಇಳಿಯಲಿಲ್ಲ.

"ಅಣ್ಣಗ ಹೇಳ್ತೀನ್ರಿ," ಎಂದೆ.

ಅವರು ಎಡಗೈಯಿಂದ ನನ್ನ ತಾಳಿ ಹಿಡಿದರು. "ಹೇಳಿದ್ರ ಈ ತಾಳಿ ಮ್ಯಾಲೆ ಆಣಿ ನೋಡು. ಇಂಥಾ ಜೋಡಿ ನನಗ ಮತ್ತ ಸಿಗಂಗಿಲ್ಲ."

ಗಂಡಸಿನ ಬುದ್ಧಿ ನೋಡಿ! ಜೀವ ತನ್ನದು, ಹಟ ತನ್ನದು, ಆಣೆ ಮಾತ್ರ ನನ್ನ ಕೊರಳಿಗೆ. ಇವತ್ತಿಗೂ ನೆನೆದರೆ ಸಿಟ್ಟು ಬರುತ್ತದೆ. ಹೇಳಿದರೆ ಅವರ ಜೀವದ ಭಯ, ಹೇಳದಿದ್ದರೆ ಭುಜದ ಭಯ. ಅತ್ತ ದರಿ, ಇತ್ತ ಪುಲಿ.

ಮರುದಿನ ನಾನು ರೊಟ್ಟಿ ಬಡಿಯುವಾಗ ಅಣ್ಣ ಬಂದ. ಒಲೆಯ ಹತ್ತಿರವೇ ಕುಕ್ಕರಗಾಲಿನಲ್ಲಿ ಕೂತ.

"ಎಂಟು ದಿನ ಆತು, ಗರಡಿ ಕಡೆ ಹಣಿಕಿ ಹಾಕಿಲ್ಲ. ಮೈಯಾಗ ಏನರ ಐತೇನವ್ವ? ಇದ್ರ ಹೇಳಿಬಿಡು. ನಾ ಇನ್ನೂ ಮಾತು ಕೊಟ್ಟಿಲ್ಲ."

ಹಿಟ್ಟಿನಿಂದ ಕಣ್ಣೆತ್ತಲಿಲ್ಲ. "ಏನಿಲ್ಲಣ್ಣ, ಆರಾಮ ಅದಾರ," ಎಂದೆ.

ಅವನಿಗೆ ಅಷ್ಟೇ ಸಾಕಾಯಿತು. ಸಂಜೆಯೊಳಗೆ ಸಿಂಧನೂರಿಗೆ ಆಳು ಹೋದ. ಮಾತು ಹೋದ ಮೇಲೆ ಜೋಡಿ ಬಿಚ್ಚಿದರೆ ಗರಡಿಯ ಮಾನ ಹೋದಂತೆ.

ಅಖಾಡಕ್ಕೆ ಹೆಂಗಸರು ಹೋಗುವಂತಿರಲಿಲ್ಲ. ಕುಸ್ತಿಯ ದಿನ ಬೆಳಿಗ್ಗೆ ರುಮಾಲು ಸುತ್ತಿ ಕಳಿಸಿದೆ. ಒಲೆ ಹಚ್ಚಲಿಲ್ಲ, ದೇವರಿಗೆ ಕೈಯನ್ನೂ ಮುಗಿಯಲಿಲ್ಲ. ಏನೆಂದು ಬೇಡಿಕೊಳ್ಳಲಿ? ಮರುದಿನ ಅವರನ್ನು ಬಂಡಿಯಲ್ಲಿ ಮಲಗಿಸಿಕೊಂಡು ಬಂದರು. ಎದುರಾಳಿ ಮೊದಲ ಪಟ್ಟಿಗೇ ಬಲಗೈ ತಿರುವಿದ್ದ. ಪಾಪ, ಅವನಿಗೇನು ಗೊತ್ತು? ದವಾಖಾನೆಯಲ್ಲಿ ಕಟ್ಟು ಕಟ್ಟಿದ್ದರು. ಆ ಕೈ ಮತ್ತೆ ಮೇಲೇಳಲಿಲ್ಲ.

ಅಣ್ಣ ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ನನ್ನ ಬಾಯಿ ಊರಿಗೇ ಗೊತ್ತು. ಬಾಗಿಲಲ್ಲಿ ನಿಂತು ಇಷ್ಟೇ ಅಂದ:

"ಅವ ಸುಳ್ಳು ಹೇಳ್ತಾನಂತನ ನಿನ್ನ ಕೇಳಿದ್ದೆನಲ್ಲವ್ವ."

ಆಣೆಯ ಸಂಗತಿ ಆಗಲೂ ಹೇಳಲಾಗಲಿಲ್ಲ. ತಾಳಿ ಇನ್ನೂ ಕೊರಳಲ್ಲೇ ಇತ್ತು. ಅಣ್ಣ ಮುಂದೆ ಯಾರಿಗೂ ಜೋಡಿ ಕಟ್ಟಲಿಲ್ಲ. ನಾನು ನನ್ನ ಗಂಡ ಇರುವವರೆಗೆ ದಿನಾ ಬೆಳಿಗ್ಗೆ ಅವರಿಗೆ ರುಮಾಲು ಸುತ್ತಿದೆ.