ಜೆಟ್ ಸ್ಕೀ ಏರಿದ ಅರ್ಥಧಾರಿ

ಇವರಿಗೆ ಈಜು ಬರುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಚಂದ್ರಗಿರಿ ಹೊಳೆಯಲ್ಲಿ ಜೆಟ್ ಸ್ಕೀಯ ಮೇಲೆ ಕುಳಿತು ಪ್ರವಾಸಿಗಳಿಗೆ ಕಾಸರಗೋಡಿನ ಚರಿತ್ರೆ ಹೇಳುತ್ತಿದ್ದವರು ಎಂದರೆ ಜನ ಯಾರೋ ದೊಡ್ಡ ಸಾಹಸಿ ಎಂದುಕೊಳ್ಳುತ್ತಾರೆ. ಸಾಹಸವೂ ಇಲ್ಲ, ಮಣ್ಣೂ ಇಲ್ಲ. ಮಾತಾಡಲು ಜಾಗ ಸಿಗುತ್ತದೆ ಎಂದರೆ ಇವರು ಬಾವಿಗೆ ಬೇಕಾದರೂ ಇಳಿದಾರು.

ಇವರೆಂದರೆ ನನ್ನ ಗಂಡ, ಮಧೂರಿನ ವಾಸಪ್ಪ ಟೈಲರ್. ಹಗಲು ಹೊಲಿಗೆ, ಉಳಿದ ಹೊತ್ತು ತಾಳಮದ್ದಳೆ. ಅಂಗಿಗೆ ಅಳತೆ ಕೊಡುವಾಗ ಗಿರಾಕಿ ಅಲ್ಲಾಡುವ ಹಾಗಿಲ್ಲವಲ್ಲ, ಆ ಹೊತ್ತಿಗೇ ಇವರ ಮಾತು ಶುರುವಾಗುತ್ತಿತ್ತು. ಅಂಗಿ ಹೊಲಿಸಲು ಬಂದವರು ಒಂದು ಯುದ್ಧ, ಎರಡು ಶಾಪ ಕೇಳಿಕೊಂಡೇ ಹೋಗಬೇಕು. ಕೊನೆಕೊನೆಗೆ ಜನ ಹಳೆಯ ಅಂಗಿಯನ್ನೇ ಅಳತೆಗೆಂದು ಕೊಟ್ಟು ಕಳಿಸಲು ಕಲಿತರು. ಮತ್ತೆ ರೆಡಿಮೇಡ್ ಅಂಗಡಿಗಳು ಬಂದವು, ಜನರಿಗೆ ಪೂರ್ತಿ ಬಿಡುಗಡೆಯಾಯಿತು.

ತಾಳಮದ್ದಳೆ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಒಂದು ಪದ ಹಾಡಿದ ಮೇಲೆ ಅರ್ಥಧಾರಿಗಳು ಪಂಚೆ, ಶಾಲಿನಲ್ಲಿ ಎದುರುಬದುರು ಕುಳಿತು ತಾವೇ ರಾಜ, ತಾವೇ ರಾಯಭಾರಿ ಎಂದು ವಾದ ಹೂಡುತ್ತಾರೆ; ಅದಕ್ಕೆ ಅರ್ಥ ಹೇಳುವುದು ಎನ್ನುತ್ತಾರೆ. ಬರೆದಿಟ್ಟ ಮಾತು ಒಂದೂ ಇಲ್ಲ. ಎದುರಿನವ ಎಂತ ಕೇಳುತ್ತಾನೋ ಅದಕ್ಕೆ ತಕ್ಕ ಉತ್ತರ ಅಲ್ಲೇ ಹುಟ್ಟಬೇಕು. ಇವರ ಉತ್ತರ ಹುಟ್ಟುತ್ತಿತ್ತು, ಸಾಯುತ್ತಿರಲಿಲ್ಲ. ಭಾಗವತ ಕಿಟ್ಟಣ್ಣ ಸಾಕು ಎಂದು ಜಾಗಟೆಗೆ ಎಷ್ಟು ಪೆಟ್ಟು ಹಾಕಿದರೂ ಇವರು ಅದನ್ನು ತಮ್ಮ ಮಾತಿಗೆ ಬಿದ್ದ ಚಪ್ಪಾಳೆ ಎಂದುಕೊಳ್ಳುತ್ತಿದ್ದರು.

ಕಡೆಗೊಂದು ದಿನ ಇವರು ರಾಜನಾಗಿ ಕುಳಿತಿದ್ದಾಗ, ಎದುರಿನ ರಾಯಭಾರಿ ಕೊನೆಯ ಬಸ್ಸು ತಪ್ಪುತ್ತದೆ ಎಂದು ಸಂಧಾನ ಮುಗಿಯುವ ಮೊದಲೇ ಎದ್ದು ಹೋದ. ಇವರು ಖಾಲಿ ಚಾಪೆಗೆ ಅರ್ಥ ಹೇಳಿದರು. ಮುಂದಿನ ಕೂಟಕ್ಕೆ ಸಂಘದವರು ಇವರನ್ನು ಕರೆಯಲಿಲ್ಲ, ಅದರ ಮುಂದಿನದಕ್ಕೂ ಕರೆಯಲಿಲ್ಲ. ಜಗಳ ಆಡಿದ್ದರೆ ಇವರಿಗೆ ಖುಷಿಯಾಗುತ್ತಿತ್ತು. ಅವರು ಸುಮ್ಮನೆ ಮರೆತುಬಿಟ್ಟರು.

ಅಂದಿನಿಂದ ಇವರ ಬಾಯಿ ಮುಚ್ಚಿತು. ನಾನು ಮೊದಲ ವಾರ ಹಬ್ಬ ಮಾಡಿದೆ, ಸುಳ್ಳು ಯಾಕೆ ಹೇಳಲಿ? ಮದುವೆಯಾದಂದಿನಿಂದ ಒಲೆಯ ಮುಂದೆ ನಿಂತು ರಾಜರ ಮಾತು ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿತ್ತು. ಎರಡನೆಯ ವಾರ ಉಪ್ಪು ಹಾಕದ ಸಾರು ಬಡಿಸಿ ನೋಡಿದೆ, ಮಾತಿಲ್ಲದೆ ಉಂಡರು. ಆಮೇಲೆ ಕತ್ತರಿ ಹಿಡಿಯಲೂ ಇಲ್ಲ, ಜಗಲಿಯಿಂದ ಏಳಲೂ ಇಲ್ಲ. ನಾನು ಬೈದರೆ ಬೈಗುಳ ನನ್ನ ಕಿವಿಗೇ ವಾಪಸು ಬರುತ್ತಿತ್ತು. ನನಗೆ ಹೆದರಿಕೆಯಾಯಿತು. ಈ ಮನುಷ್ಯನನ್ನು ಹೇಗಾದರೂ ಮಾಡಿ ಮಾತಾಡಿಸಬೇಕು, ಇಲ್ಲವಾದರೆ ಇವರು ನನಗೆ ಉಳಿಯುವುದಿಲ್ಲ ಎಂದುಕೊಂಡೆ.

ನಾನು ಆಗ ಕುಡುಂಬಶ್ರೀ ಹೆಂಗಸರ ಸಂಘದ ಕ್ಯಾಂಟೀನಿನಲ್ಲಿದ್ದೆ, ಈಗಲೂ ಇದ್ದೇನೆ. ಚಂದ್ರಗಿರಿ ಅಳಿವೆಯ ಹತ್ತಿರ, ಹೊಳೆಯ ದಡದಲ್ಲಿ. ನಾನು ಮತ್ತು ಹರಿಣಾಕ್ಷಿ ಗೋಳಿಬಜೆ ಕಾಯಿಸುತ್ತೇವೆ, ಚಾ ಮಾಡುತ್ತೇವೆ. ಪಕ್ಕದಲ್ಲೇ ಫಸಲನ ಜೆಟ್ ಸ್ಕೀ ಕಡವು. ಫಸಲ್ ಉಪ್ಪಳದ ಬ್ಯಾರಿ ಹುಡುಗ, ದುಬೈಯಲ್ಲಿ ಇಂಥದೇ ಬಂಡಿಗಳನ್ನು ನೋಡಿಕೊಳ್ಳುತ್ತಿದ್ದವ. ಊರಿಗೆ ಬಂದು ಹೊಸ ಸವಾರಿ ಶುರುಮಾಡಿದ್ದ: ನೀರಿನ ಮೇಲಿಂದ ಹಳೆಯ ಕಾಸರಗೋಡು. ಮೊದಲು ಚಂದ್ರಗಿರಿ ಕೋಟೆಯ ಬುಡ, ಆಮೇಲೆ ತಳಂಗರೆಯ ಮಸೀದಿಯ ಎದುರು, ಕೊನೆಗೆ ಅಳಿವೆ ದಾಟಿ ಸಮುದ್ರ. ಎಲ್ಲರ ಹೆಲ್ಮೆಟ್ಟಿನೊಳಗೂ ಸ್ಪೀಕರ್, ಮೈಕ್. ಒಂದೊಂದು ಜಾಗದಲ್ಲಿ ಎಂಜಿನ್ ನಿಲ್ಲಿಸಿ ಗೈಡ್ ಮೂರು ನಿಮಿಷ ಚರಿತ್ರೆ ಹೇಳಬೇಕು. ಬಂಡಿ ಇತ್ತು, ಹೊಳೆ ಇತ್ತು, ಗೈಡ್ ಒಬ್ಬ ಇರಲಿಲ್ಲ.

ಕರ್ನಾಟಕದಿಂದ ಬರುವವರಿಗೆ ಕನ್ನಡದಲ್ಲಿ ಚಂದ ಮಾಡಿ ಹೇಳುವವರು ಯಾರಾದರೂ ಇದ್ದಾರಾ ಎಂದು ಅವನು ನನ್ನಲ್ಲಿ ಕೇಳಿದ. ಇದ್ದಾರೆ ಎಂದೆ. ಮೂರು ನಿಮಿಷದ ಶರತ್ತಿಗೆ ಒಪ್ಪುವವರಾ ಎಂದು ಕೇಳಿದ. ಒಪ್ಪುತ್ತಾರೆ ಎಂದೆ. ನನ್ನ ಬಾಳಿನಲ್ಲಿ ಅಷ್ಟು ದೊಡ್ಡ ಸುಳ್ಳನ್ನು ಅಷ್ಟು ಸಲೀಸಾಗಿ ನಾನು ಬೇರೆಲ್ಲೂ ಹೇಳಿಲ್ಲ.

ಹೊಳೆಯ ನಡುವೆ ಎದ್ದು ಹೋಗುವ ಶ್ರೋತೃ ಇರುವುದಿಲ್ಲ ಎಂಬುದು ಇವರಿಗೆ ಮೊದಲ ದಿನವೇ ಹೊಳೆಯಿತು. ಶಾಲಿನ ಮೇಲೆ ಲೈಫ್ ಜಾಕೆಟ್ ಕಟ್ಟಿಕೊಂಡು, ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿಕಟ್ಟಿ, ಫಸಲನ ಸೊಂಟವನ್ನು ಹಸುಗೂಸಿನ ಹಾಗೆ ತಬ್ಬಿಕೊಂಡು ಕುಳಿತವರು, ಕೋಟೆಯ ಬುಡದಲ್ಲಿ ಎಂಜಿನ್ ನಿಂತದ್ದೇ ತಡ, ಬೆನ್ನು ನೆಟ್ಟಗೆ ಮಾಡಿದರು. ಕೋಟೆಯನ್ನು ಕೆಳದಿಯ ಅರಸರು ಕಟ್ಟಿಸಿದರು ಎಂದು ಹೇಳಿ ಮುಗಿಸಬೇಕಾದ ಜಾಗದಲ್ಲಿ ಇವರು ತಾವೇ ಕೆಳದಿಯ ಅರಸರಾಗಿ, ನಾನು ಈ ಗುಡ್ಡದ ಮೇಲೆ ನಿಂತು ಈ ಹೊಳೆಯನ್ನು ನೋಡಿದೆ ಎಂದು ಶುರುಮಾಡಿದರು. ಪ್ರವಾಸಿಗಳಿಗೆ ಅದು ಭಾರೀ ಹಿಡಿಸಿತು. ಫಸಲನ ಇನ್ನೊಂದು ರೇಡಿಯೋ ನನ್ನ ಕ್ಯಾಂಟೀನಿನ ಕಿಟಕಿಯಲ್ಲಿ ತೂಗುತ್ತಿತ್ತು, ನಾನು ಎಣ್ಣೆ ಬಾಣಲೆಯ ಮುಂದೆ ನಿಂತು ಎಲ್ಲ ಕೇಳುತ್ತಿದ್ದೆ. ಮನೆಗೆ ಬಂದ ಮೇಲೂ ಇವರು ಅರಸರಾಗಿಯೇ ಉಣ್ಣುತ್ತಿದ್ದರು. ಸಾರಿಗೆ ಉಪ್ಪು ಕಡಿಮೆ ಎಂದು ಅಪ್ಪಣೆ ಕೊಡಿಸಿದ ದಿನ ನಾನು ಹಿತ್ತಿಲಿಗೆ ಹೋಗಿ ಅತ್ತೆ. ಸಂತೋಷಕ್ಕೆ.

ಮಳೆಗಾಲ ಕಳೆದು ಜನ ಹೆಚ್ಚಾದ ಸಮಯ. ದಾವಣಗೆರೆಯಿಂದ ಒಂದು ತಂಡ ಬಂತು, ಅದರಲ್ಲಿ ನಮಿತಾ ಎಂಬ ವಕೀಲೆ. ಇವರು ಎಂದಿನಂತೆ ಅರಸರಾಗಿ, ಈ ಕಲ್ಲಿನ ಮೇಲೆ ಕಲ್ಲಿಟ್ಟವನು ನಾನು ಎಂದು ಘೋಷಿಸಿದರು. ಆ ಹೆಂಗಸು ಹೆಲ್ಮೆಟ್ಟಿನಿಂದಲೇ ಕೇಳಿದಳು, ಅರಸರೇ, ಕಲ್ಲು ಹೊತ್ತವರು ಬೇರೆಯವರಲ್ಲವೆ, ನಿಮ್ಮ ಕೈಯಲ್ಲಿ ಒಂದು ಗುಳ್ಳೆಯಾದರೂ ಎದ್ದಿತ್ತೆ ಎಂದು. ಬೇರೆ ಗೈಡ್ ಆಗಿದ್ದರೆ ನಕ್ಕು ಬಿಡುತ್ತಿದ್ದ. ನಮ್ಮ ಕಡೆಯ ಅರ್ಥಧಾರಿ ಬಿಟ್ಟಾನಾ? ಪ್ರಶ್ನೆ ಬಂತೆಂದರೆ ಅದು ಎದುರು ಅರ್ಥ, ಉತ್ತರ ಕೊಡದೆ ಎದ್ದರೆ ಸೋತಂತೆ. ರೇಡಿಯೋದಲ್ಲಿ ಇವರ ದನಿ ಮೇಲಕ್ಕೇರಿದ್ದು ನನಗೆ ಕೇಳಿಸಿತು. ಆ ಹೆಂಗಸೂ ಕೋರ್ಟಿನಲ್ಲಿ ಪಳಗಿದವಳು, ಒಂದಕ್ಕೆ ಎರಡು ಕೊಟ್ಟಳು. ಹಲವು ವರ್ಷಗಳ ಮೇಲೆ ಇವರಿಗೆ ಸರಿಯಾದ ಎದುರಾಳಿ ಸಿಕ್ಕಿದ್ದಳು.

ಹೊಳೆಗೆ ತಾಳಮದ್ದಳೆಯ ನಿಯಮ ಗೊತ್ತಿಲ್ಲ. ಸಮುದ್ರದ ಇಳಿತ ಶುರುವಾಗಿತ್ತು, ಎಂಜಿನ್ ನಿಂತಿತ್ತು, ನೀರು ಅಷ್ಟೂ ಬಂಡಿಗಳನ್ನು ಮೆಲ್ಲಗೆ ಅಳಿವೆಯ ಕಡೆಗೆ ಒಯ್ಯುತ್ತಿತ್ತು. ಫಸಲ್ ನೋಡಬೇಕಿತ್ತು, ಅವನೂ ಬಾಯಿ ತೆರೆದು ಅರ್ಥ ಕೇಳುತ್ತಿದ್ದ. ಅವರು ನನ್ನ ಕ್ಯಾಂಟೀನಿನ ಎದುರೇ ತೇಲಿಕೊಂಡು ಹೋದರು. ಇವರು ಕೈ ಎತ್ತಿ ರಾಜಧರ್ಮ ಹೇಳುತ್ತಿದ್ದರು. ನಾನು ಜಾಲರಿ ಸೌಟು ಹಿಡಿದು ದಡದಲ್ಲಿ ಓಡುತ್ತಾ ಕೂಗಿದೆ, ಇವರು ನನ್ನನ್ನು ನೋಡಿ ಗಂಭೀರವಾಗಿ ತಲೆಯಾಡಿಸಿದರು. ಕೊನೆಗೆ ಎಲ್ಲ ಬಂಡಿಗಳೂ ಅಳಿವೆಯ ಮರಳ ದಿಬ್ಬಕ್ಕೆ ಹೋಗಿ ಕೂತವು. ಕೀಯೂರಿನ ಮೀನುಗಾರರು ದೋಣಿ ತಂದು ಹಗ್ಗ ಹಾಕಿ ಎಳೆದರು. ಯಾರಿಗೂ ಏನೂ ಆಗಲಿಲ್ಲ. ಹಗ್ಗ ಕಟ್ಟುವವರೆಗೂ ವಾದ ನಡೆದಿತ್ತಂತೆ.

ನಮಿತಾ ಆ ಸವಾರಿಗೆ ಐದು ನಕ್ಷತ್ರ ಕೊಟ್ಟಳು. ಅವಳ ಜೊತೆ ಬಂದಿದ್ದವನೊಬ್ಬ ಒಂದೇ ನಕ್ಷತ್ರ ಕೊಟ್ಟು, ಗೈಡ್ ಗಿರಾಕಿಗಳ ಮೇಲೆ ಯುದ್ಧ ಸಾರುತ್ತಾನೆ ಎಂದು ಬರೆದ. ಇನ್ನೊಂದು ಸಲ ಹೀಗಾದರೆ ಲೈಸೆನ್ಸ್ ಇಲ್ಲ ಎಂದು ಮೇಲಿನವರಿಂದ ಫಸಲನಿಗೆ ಮಾತು ಬಂತು. ಅವನು ನನ್ನ ಎದುರು ನಿಂತು ತಲೆ ಕೆರೆದುಕೊಂಡ.

“ಪ್ರಫುಲ್ಲಕ್ಕ, ವಾಸಪ್ಪಣ್ಣನ ಸ್ವರ ನನಗೆ ಬೇಕು. ಆದ್ರೆ ವಾಸಪ್ಪಣ್ಣನನ್ನು ನೀರಿಗೆ ಇಳಿಸ್ಲಿಕ್ಕೆ ಇನ್ನು ಧೈರ್ಯ ಇಲ್ಲ.”

ರೆಕಾರ್ಡ್ ಮಾಡಿ ಹೆಲ್ಮೆಟ್ಟಿಗೆ ಹಾಕುವುದು ಅವನ ಉಪಾಯ. ನನಗೆ ಮೈಯೆಲ್ಲ ಉರಿಯಿತು. ಮನುಷ್ಯನನ್ನು ಜಗಲಿಯಲ್ಲಿ ಬಿಟ್ಟು ಸ್ವರವನ್ನು ಮಾತ್ರ ಸವಾರಿಗೆ ಒಯ್ಯುತ್ತಾನಂತೆ! ಆದರೆ ಇವರು ಆಗಲೇ ಪುನಃ ಮೌನಕ್ಕೆ ಇಳಿದಿದ್ದರು. ಸಾರಿನ ಉಪ್ಪಿನ ಬಗ್ಗೆ ಮಾತಿಲ್ಲ. ಇಷ್ಟಾದರೂ ಮಾತಾಡಲಿ ಎಂದು ನಾನೇ ಕೈಹಿಡಿದು ಎಬ್ಬಿಸಿ ಕರೆತಂದೆ.

ಕ್ಯಾಂಟೀನಿನ ಹಿಂದಿನ ಕೋಣೆಯಲ್ಲಿ, ಮಧ್ಯಾಹ್ನ ಜನ ಇಲ್ಲದ ಹೊತ್ತಿನಲ್ಲಿ ಫಸಲ್ ಮೇಜಿನ ಮೇಲೆ ಮೈಕ್ ಇಟ್ಟ. ಇವರು ಕುಳಿತರು. ಶಾಲು ಸರಿಮಾಡಿಕೊಂಡರು. ಬಾಯಿ ತೆರೆದರು, ಮುಚ್ಚಿದರು. ಎದುರಿಗೆ ಯಾರೂ ಇಲ್ಲದೆ ಅರ್ಥ ಹೇಳುವುದು ಹೇಗೆ ಎಂದು ಇವರ ಕಣ್ಣು ಕೇಳುತ್ತಿತ್ತು. ಫಸಲ್ ನನ್ನ ಮುಖ ನೋಡಿದ. ನಾನು ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ಎದುರಿನ ಕುರ್ಚಿಯಲ್ಲಿ ಕುಳಿತೆ.

ತಮಾಷೆಗೆ ಎಂದು ಶುರುಮಾಡಿದ್ದು. ಕೋಟೆ ಯಾಕೆ ಕಟ್ಟಿಸಿದಿರಿ ಎಂದೆ, ಹೇಳಿದರು. ಹೊಳೆಯ ಬದಿಯಲ್ಲೇ ಯಾಕೆ ಎಂದೆ, ಅದನ್ನೂ ಹೇಳಿದರು. ದನಿ ಬಂತು, ಬೆನ್ನು ನೆಟ್ಟಗಾಯಿತು, ಅರಸರು ಬಂದರು. ಒಂದು ಕೋಟೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರುತ್ತಾ ಹೋದರು. ಆಗ ನನಗೆ ಎಲ್ಲಿಂದ ಸಿಟ್ಟು ಬಂತೋ ತಿಳಿಯದು. ಇಷ್ಟು ವರ್ಷದ ಒಲೆಯ ಬಿಸಿ ಒಮ್ಮೆಲೇ ಬಾಯಿಗೆ ಬಂತು.

“ಅಲ್ಲ ಅರಸರೇ, ಅಷ್ಟು ಕೋಟೆಗಳ ಹೆಸರು ಹೇಳಿದ್ರಿ. ಮನೆಯಲ್ಲಿ ಒಬ್ಬಳು ಇದ್ದಾಳಲ್ಲ, ಅವಳ ಹೆಸರು ಎಂತ?”

ನಮ್ಮಲ್ಲಿ ಗಂಡ ಹೆಂಡತಿಯ ಹೆಸರು ಹಿಡಿದು ಕರೆಯುವುದಿಲ್ಲ. ಇವರಿಗೆ ನಾನು ಮೊದಲು ‘ಹೋಯ್’ ಆಗಿದ್ದೆ, ಮಗಳು ಹುಟ್ಟಿದ ಮೇಲೆ ‘ಸುಪ್ರೀತಾಳ ಅಮ್ಮ’ ಆದೆ. ನಾನೂ ಇವರನ್ನು ಹೆಸರು ಹಿಡಿದು ಕರೆದವಳಲ್ಲ. ಊರಿಡೀ ಪ್ರಫುಲ್ಲಕ್ಕ ಎನ್ನುತ್ತದೆ, ಈ ಒಂದು ಬಾಯಿಯಿಂದ ಮಾತ್ರ ಆ ಹೆಸರು ಒಮ್ಮೆಯೂ ಹೊರಬಿದ್ದಿರಲಿಲ್ಲ. ಪ್ರಶ್ನೆಗೆ ಉತ್ತರ ಕೊಡದೆ ಏಳುವ ಹಾಗಿಲ್ಲ. ಇವರು ಮೇಜನ್ನು ನೋಡಿದರು, ಫಸಲನನ್ನು ನೋಡಿದರು, ಕೊನೆಗೆ ಮೈಕನ್ನು ನೋಡಿಕೊಂಡು ಹೇಳಿದರು.

“ಪ್ರಫುಲ್ಲಾ. ನಾನು ಆಡಿದ ಮಾತು ನಾಡಿಗೆಲ್ಲ ಕೇಳಿಸಿತು. ಕೇಳಿಸಿಕೊಂಡವಳು ಅವಳೊಬ್ಬಳೇ.”

ಹೇಳಿದ್ದು ಅರಸನೋ ಟೈಲರನೋ ನನಗೆ ಈಗಲೂ ಖಚಿತವಿಲ್ಲ. ನಾನು ಗೋಳಿಬಜೆ ಕರಟಿತು ಎಂದು ಎದ್ದು ಹೋದೆ. ಒಲೆ ಹಚ್ಚಿಯೇ ಇರಲಿಲ್ಲ.

ಫಸಲ್ ಅದನ್ನು ಮೂರು ನಿಮಿಷಕ್ಕೆ ಕತ್ತರಿಸಿದ. ನನ್ನ ಪ್ರಶ್ನೆಗಳು ಹೋದವು, ಒಂದೆರಡು ಕೋಟೆಗಳೂ ಹೋದವು, ಆ ಮಾತು ಉಳಿಯಿತು. ಅದನ್ನು ತೆಗೆ ಮಾರಾಯ, ಚರಿತ್ರೆಯೇ ಅಲ್ಲ ಎಂದು ನಾನು ಗಂಟುಬಿದ್ದೆ. ಎಲ್ಲರೂ ಮೆಚ್ಚುವುದು ಅದೊಂದನ್ನೇ ಅಕ್ಕ ಎಂದು ಅವನು ಫೋನು ತೋರಿಸಿದ. ಜನ ರಾಣಿ ಪ್ರಫುಲ್ಲಾದೇವಿಯ ಬಗ್ಗೆ ಬರೆದಿದ್ದರು. ಕೋಟೆಯನ್ನು ಅವಳ ಪ್ರೀತಿಗೆ ಕಟ್ಟಿಸಿದ್ದೆಂದು ಒಬ್ಬ, ಅವಳು ಹೊಳೆಗೆ ಹಾರಿ ಸತ್ತಳೆಂದು ಇನ್ನೊಬ್ಬ. ಒಬ್ಬಾಕೆ ನನ್ನ ಎದುರೇ ಕುಳಿತು ಗೋಳಿಬಜೆ ತಿನ್ನುತ್ತಾ ರಾಣಿಯ ಕಥೆ ಹೇಳಿ ಕಣ್ಣೊರೆಸಿಕೊಂಡಳು. ನಿಮ್ಮ ಹೆಸರೇನಮ್ಮಾ ಎಂದು ಕೇಳಿದಳು. ಹರಿಣಾಕ್ಷಿ ಎಂದುಬಿಟ್ಟೆ. ನಿಜವಾದ ಹರಿಣಾಕ್ಷಿ ಚಾ ಸೋಸುವುದನ್ನು ನಿಲ್ಲಿಸಿ ನನ್ನನ್ನು ನುಂಗುವಂತೆ ನೋಡಿದಳು.

ನಾಡೆಲ್ಲ ರಾಣಿಯ ಹೆಸರು ಹೇಳುತ್ತಿದ್ದರೆ ಅರಸರು ಮಾತ್ರ ಜಗಲಿಯಲ್ಲಿ ಮಾತಿಲ್ಲದೆ ಕುಳಿತಿದ್ದರು. ಸ್ವರವನ್ನು ಫಸಲ್ ಪೂರ್ತಿಯಾಗಿ ಕೊಂಡುಹೋದನೋ ಎಂದು ನನಗೆ ಎದೆ ಒಡೆಯಿತು. ಒಂದು ಸಂಜೆ ತಡೆಯಲಾಗದೆ, ನನ್ನನ್ನೂ ಒಮ್ಮೆ ಕೂರಿಸಿಕೊಂಡು ಹೋಗು ಎಂದು ಅವನಿಗೆ ಹೇಳಿದೆ. ಕೋಟೆಯ ಬುಡದಲ್ಲಿ ಎಂಜಿನ್ ನಿಂತಿತು. ಹೆಲ್ಮೆಟ್ಟಿನೊಳಗೆ, ಕಿವಿಗೆ ತಾಗುವಷ್ಟು ಹತ್ತಿರದಲ್ಲಿ ಇವರು ನನ್ನ ಹೆಸರು ಹೇಳಿದರು. ನಾನು “ಹಾಂ, ಎಂತ?” ಎಂದು ಓಗೊಟ್ಟೆ. ಫಸಲ್ ಹಿಂದೆ ತಿರುಗಿ ಎಂತ ಆಯ್ತು ಅಕ್ಕ ಎಂದು ಕೇಳಿದ. ಎಂತ ಇಲ್ಲ, ಬಂಡಿ ಬಿಡು ಎಂದು ಅವನ ಬೆನ್ನಿಗೆ ಗುದ್ದಿದೆ.

ಮನೆಗೆ ಬಂದು ಒದ್ದೆ ಸೀರೆಯಲ್ಲೇ ಇವರ ಎದುರು ನಿಂತು ಹೇಳಿದೆ, ರೆಕಾರ್ಡ್ ಕೇಳಿ ಬಂದೆ, ರಾಣಿಯ ಹೆಸರು ಬರುವ ಜಾಗದಲ್ಲಿ ಸ್ವರ ಸ್ಪಷ್ಟ ಇಲ್ಲ, ಸರಿಯಾಗಿ ಒಮ್ಮೆ ಹೇಳಿ ನೋಡುವ ಎಂದು. ಇವರು ತಲೆ ಎತ್ತಿದರು. ಸ್ಪಷ್ಟ ಇಲ್ಲವೆ, ತಮ್ಮ ಉಚ್ಚಾರವೆ ಎಂದು ಶುರುಮಾಡಿದರು. ಮೈಕಿನ ದೋಷ ಹೇಳಿದರು, ಫಸಲನ ಕತ್ತರಿಯ ದೋಷ ಹೇಳಿದರು, ಕಿಟ್ಟಣ್ಣನ ಜಾಗಟೆಯಿಂದ ಹಿಡಿದು ತಮ್ಮ ಸ್ವರಕ್ಕೆ ಊರು ಮಾಡಿದ ಅನ್ಯಾಯಗಳನ್ನೆಲ್ಲ ವರ್ಣಿಸಿದರು. ಊಟಕ್ಕೆ ಕೂತು ಸಾರಿಗೆ ಉಪ್ಪು ಸಾಲದು ಎಂದರು. ನಾನು ಎದುರು ಕುಳಿತು ಮಧ್ಯೆ ಮಧ್ಯೆ ಒಂದೊಂದು ಪ್ರಶ್ನೆ ಎಸೆಯುತ್ತಾ ಹೋದೆ, ಇವರು ಎಲ್ಲದಕ್ಕೂ ಉತ್ತರ ಕೊಟ್ಟರು. ಕೈ ತೊಳೆಯಲು ಎದ್ದಾಗ, ಸುಪ್ರೀತಾಳ ಅಮ್ಮ, ನಾಳೆಯಿಂದ ಅಂಗಡಿ ತೆರೆಯುತ್ತೇನೆ ಎಂದರು. ಆ ಒಂದು ಹೆಸರನ್ನು ಬಿಟ್ಟು ಬೇರೆಲ್ಲ ಹೇಳಿದ್ದರು.

ಬರುವ ಶನಿವಾರಕ್ಕೆ ಫಸಲನಲ್ಲಿ ನನಗೊಂದು ಸೀಟು ಹೇಳಿಟ್ಟಿದ್ದೇನೆ.