ಈವಾ ಬೇಡವೆಂದ ಚಹಾ

“ಬ್ಯಾಡ್ರಿ, ಈಗ ಕುಡದ ಬಂದೇನ್ರಿ,” ಎಂದು, ನನ್ನನ್ನು ನೋಡಲು ಪೋಲೆಂಡಿನಿಂದ ಬಂದ ಈವಾ ನಮ್ಮ ಧಾರವಾಡದ ಮನೆಯಲ್ಲಿ ಚಹಾದ ಕಪ್ಪನ್ನು ಮೆಲ್ಲಗೆ ಹಿಂದೆ ಸರಿಸಿದಳು. ಅವಳ ಬಾಯಲ್ಲಿ ಕನ್ನಡ ಕೇಳಿ ನಾನು ದಂಗಾದೆ. ಅವ್ವ ಮಾತ್ರ ಬಿಡಲಿಲ್ಲ.

“ಹಾಂಗಂದ್ರ ಹ್ಯಾಂಗ ತಂಗಿ, ಅರ್ಧಾ ಕಪ್ ಆದ್ರೂ ತಗೋ.”

“ನಿಮ್ಮ ಸಲುವಾಗಿ ಅರ್ಧಾ ಕಪ್ ಅಷ್ಟ ರೀ.”

ಈವಾ ಮತ್ತು ನಾನು ಇಬ್ಬರೂ ಜರ್ಮನ್ ಕಲಿಸುವವರು. ಹಿಂದೊಮ್ಮೆ ಜರ್ಮನಿಯ ವಿಶ್ವವಿದ್ಯಾಲಯವೊಂದರಲ್ಲಿ, ಶಿಕ್ಷಕರೇ ಶಿಕ್ಷಕರಿಗೆ ಕಲಿಸುವ ತರಬೇತಿಯಲ್ಲಿ ಜೊತೆಗಿದ್ದೆವು. ಹೊಸದಾಗಿ ಕಲಿಯುವವರ ಪಾಡು ತಿಳಿಯಲೆಂದು ಪ್ರತಿಯೊಬ್ಬರೂ ತಮ್ಮ ಭಾಷೆಯನ್ನು ಅನುವಾದವಿಲ್ಲದೆ ಉಳಿದವರಿಗೆ ಕಲಿಸಬೇಕಿತ್ತು. ನಾನು ಖಾಲಿ ಕಪ್ಪು ಹಿಡಿದು, ನಮ್ಮ ಕಡೆ ಮನೆಗೆ ಬಂದವರು ಮೊದಲು ಚಹಾ ಬೇಡವೆನ್ನುವುದನ್ನೂ ಮನೆಯವರು ಒತ್ತಾಯ ಮಾಡುವುದನ್ನೂ ಇವೇ ಮಾತುಗಳಲ್ಲಿ ಆಡಿ ತೋರಿಸಿದ್ದೆ. ಎಲ್ಲರೂ ನಕ್ಕಿದ್ದರು. ಪಾಠ ಕೆಟ್ಟು ನಗೆಪಾಟಲಾದೆ ಎಂದೇ ನನ್ನ ನೆನಪು. ಅದಕ್ಕೇ, ಅಂಥ ತರಬೇತಿ ಇಲ್ಲಿಯೂ ನಡೆಸೆಂದು ಸಹೋದ್ಯೋಗಿಗಳು ಕೇಳಿದಾಗಲೆಲ್ಲ ನೆಪ ಹೇಳಿ ತಪ್ಪಿಸಿಕೊಂಡಿದ್ದೆ.

ಇದನ್ನು ಹೇಳಿದಾಗ ಈವಾ ಜರ್ಮನ್‌ನಲ್ಲಿ, “ನಿನ್ನನ್ನು ನೋಡಿ ಯಾರು ನಕ್ಕರು? ನಮ್ಮಜ್ಜಿಯ ಮನೆಯಲ್ಲೂ ಇದೇ ಜಗ್ಗಾಟ. ಒಂದು ಪದದ ಅರ್ಥ ಹೇಳದೆಯೂ ಎಲ್ಲ ತಿಳಿಯಿತಲ್ಲ, ಆ ಖುಷಿಗೆ ನಕ್ಕೆವು,” ಎಂದಳು. ಅಷ್ಟರಲ್ಲಿ ಅವ್ವ ಅವಳ ಕಪ್ಪನ್ನು ಪೂರ್ತಿ ತುಂಬಿಸಿದ್ದಳು.

ಅಂದು ನಡೆದದ್ದು ನಾನು ನೆನೆದಂತೆಯೋ ಅವಳು ಹೇಳಿದಂತೆಯೋ, ಈಗಲೂ ಖಚಿತವಿಲ್ಲ. ಆದರೆ ಮರುದಿನವೇ ಸಹೋದ್ಯೋಗಿಗಳಿಗೆ ಫೋನ್ ಮಾಡಿ ತರಬೇತಿಗೆ ಒಪ್ಪಿಕೊಂಡೆ. ಈವಾ ಊರಿಗೆ ಮರಳುವ ಮುನ್ನವೇ ತರಬೇತಿ ಶುರುವಾಯಿತು; ಮೊದಲ ಪಾಠ ಅವಳು ಕಲಿಸಿದ ಪೋಲಿಷ್. ಮುಂದಿನ ಬೆಂಚಿನಲ್ಲಿ ನನ್ನ ಪಕ್ಕ ಅವ್ವ ಕೂತಿದ್ದಳು.