ಸ್ಕೋಪಿನಲ್ಲಿ ಕಂಡ ಹಣೆ

ಗುರಿ ಹೊಡೆಯುವ ಸ್ಪರ್ಧೆಯ ರೈಫಲ್‌ಗಳಿಗೆ ಹಾಕುವ ದುಬಾರಿ ಸ್ಕೋಪುಗಳನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ಮಾರುವುದು ನನ್ನ ಕಸುಬು. ಹರಪನಹಳ್ಳಿಯಲ್ಲಿ ಶೂಟಿಂಗ್ ಬಿಟ್ಟಿದ್ದ ಮೇಷ್ಟ್ರೊಬ್ಬರು ತಮ್ಮ ಸ್ಕೋಪನ್ನು ನನ್ನ ಕೈಗಿತ್ತು, "ಮಾಳಿಗಿ ಮ್ಯಾಲೆ ಹೋಗಿ ನೋಡ್ರಿ" ಅಂದರು. ಬಂದೂಕಿಲ್ಲ, ಬರೀ ದುರ್ಬೀನು ತಾನೇ ಎಂದು ಕಣ್ಣಿಟ್ಟೆ. ಎರಡು ಓಣಿ ಆಚೆಯ ಮಾಳಿಗೆಯಲ್ಲಿ ಮೆಕ್ಕೆಜೋಳ ಹರವುತ್ತಿದ್ದ ಹೆಂಗಸೊಬ್ಬಳು ನನ್ನನ್ನು ಕಂಡವಳೇ ಪಕ್ಕದಲ್ಲಿದ್ದ ಮಗಳನ್ನು ಅವಚಿಕೊಂಡು ಚೀರಿದಳು.

ನಾನು ಕೆಳಗಿಳಿಯುವಷ್ಟರಲ್ಲಿ ಬಾಗಿಲಲ್ಲಿ ಜನ ಸೇರಿದ್ದರು. "ಯಾರಿಗೆ ಗುರಿ ಇಟ್ಟಿದ್ದಿ ಲೇ?" ಎಂದು ಒಬ್ಬ ನನ್ನ ಕೊರಳಪಟ್ಟಿ ಹಿಡಿದ. ಮೇಷ್ಟ್ರು ಅಡ್ಡ ಬಂದು, "ಬಿಡ್ರಪ್ಪಾ, ಇದು ಬರೀ ನೋಡೋ ಗಾಜು" ಅಂದರು.

ಅಷ್ಟರಲ್ಲಿ ಆ ಹೆಂಗಸೇ ಏದುಸಿರು ಬಿಡುತ್ತಾ ಬಂದಳು. "ನನಗೂ ತೋರಿಸ್ರಿ" ಅಂದಳು. ಮಾಳಿಗೆ ಹತ್ತಿ, ಸ್ಕೋಪು ಹಿಡಿದು ತನ್ನ ಮನೆಯತ್ತ ನೋಡಿದಳು. ಮಗಳು ಇನ್ನೂ ಅಲ್ಲೇ ನಿಂತಿದ್ದಳು.

"ಈ ಗಾಜಿನೊಳಗಿನ ಗುರಿ ಗೀಟು ನನ್ ಮಗಳ ಹಣಿ ಮ್ಯಾಲೆ ಐತಲ್ರಿ! ನಿಮಗೂ ಹಿಂಗ ಕಂಡಿತ್ತೇನು?"

ಹಾಗೇ ಕಂಡಿತ್ತು; ಆದರೆ ನಾನು ಸ್ಕೋಪನ್ನು ಅವಳ ಕೈಯಿಂದ ತೆಗೆದುಕೊಂಡು ಮುಚ್ಚಳ ಹಾಕಿದೆ.

ಆದರೂ ಸ್ಕೋಪು ಕೊಂಡೆ. ಗಾಜು ಬಹಳ ಸ್ಪಷ್ಟವಾಗಿದೆ ಎಂದು ಗಿರಾಕಿಗಳಿಗೆ ಈಗಲೂ ಹೇಳುತ್ತೇನೆ. ಎಷ್ಟು ಸ್ಪಷ್ಟ ಎಂದು ಮಾತ್ರ ಯಾರೂ ಕೇಳದಿದ್ದರೆ ಸಾಕು.